ವಿದೇಶಿ ನೆರವಿನ ಪರಿಸರ ಯೋಜನೆಗಳಲ್ಲಿ ಬಡವರ ಸಹಭಾಗಿತ್ವ ಕಾಗದದ ಮೇಲಷ್ಟೇ ಇರುತ್ತದೆಯೇ?

ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿರುವ ನೀವು, ವಿದೇಶಿ ನೆರವಿನ ಅರಣ್ಯೀಕರಣ ಯೋಜನೆಯೊಂದರಲ್ಲಿ ಕೆಲಸಕ್ಕೆ ಸೇರುವ ಮೊದಲು ಈ ಪ್ರಶ್ನೆ ಕೇಳಿದ್ದೀರಿ: ಇಂಥ ಯೋಜನೆಗಳಿಂದ ಅಂಚಿನಲ್ಲಿರುವ ಜನರಿಗೆ ನಿಜಕ್ಕೂ ಪ್ರಯೋಜನವಾಗುತ್ತದೆಯೇ, ಅಥವಾ ‘ಜನರ ಸಹಭಾಗಿತ್ವ’ ಎಂಬುದು ವರದಿಗಾಗಿ ಬರೆಯುವ ಮಾತೇ? ನಾನು 11 ವರ್ಷ ಮಲೆನಾಡಿನ ಸೆರಗಿನ ಹಳ್ಳಿಗಳಲ್ಲಿ ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತನಾಗಿ ದುಡಿದವನು. ಆ ಅನುಭವದಿಂದ ಹೇಳುವುದಾದರೆ, ಸಹಭಾಗಿತ್ವ ಕಾಗದದಲ್ಲೇ ಉಳಿಯಬೇಕೆಂದೇನೂ ಇಲ್ಲ. ಆದರೆ ಹಣ ಕೊಡುವವರು ಷರತ್ತು ಹಾಕಿದ ಮಾತ್ರಕ್ಕೆ ಅದು ಊರಿಗೆ ಇಳಿಯುವುದೂ ಇಲ್ಲ. ಯೋಜನೆಯಿಂದ ಎಲ್ಲರಿಗಿಂತ ಮೊದಲು ಕಳೆದುಕೊಳ್ಳುವವರು ಯಾರೋ ಅವರಿಗೆ ‘ಇಲ್ಲಿ ಬೇಡ’ ಎನ್ನುವ ಜಾಗ ಎಷ್ಟರ ಮಟ್ಟಿಗೆ ಇದೆಯೋ ಅಷ್ಟರ ಮಟ್ಟಿಗೇ ಅದು ನಿಜವಾಗುತ್ತದೆ.

ಇದನ್ನು ಅರಿಯಲು ದೂರದ ದೇಶಗಳ ಉದಾಹರಣೆ ಬೇಕಿಲ್ಲ, ನಮ್ಮ ರಾಜ್ಯದ ಅರಣ್ಯ ಯೋಜನೆಗಳ ಕಥೆಯೇ ಸಾಕು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರದ ನೆರವಿನಿಂದ ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ನಡೆಯಿತು. ಹಳ್ಳಿಯ ಬಡವರಿಗೆ ಉರುವಲು, ಮೇವು ಮತ್ತು ಮನೆಕಟ್ಟಿಗೆ ಒದಗಿಸುವುದು ಅದರ ಘೋಷಿತ ಉದ್ದೇಶವಾಗಿತ್ತು. ಬಯಲುಸೀಮೆಯ ಹೊಲಗಳಲ್ಲಿ ಎದ್ದು ನಿಂತದ್ದು ಮಾತ್ರ ಬಹುಮಟ್ಟಿಗೆ ನೀಲಗಿರಿ. ಅದರ ಸೊಪ್ಪನ್ನು ದನ ಮುಟ್ಟುವುದಿಲ್ಲ, ಅದರ ದಿಮ್ಮಿ ಹೋಗುವುದು ಊರಿನ ಒಲೆಗಲ್ಲ, ಕಾರ್ಖಾನೆಗೆ. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ನೀಲಗಿರಿ ಬಂದಾಗ ಕೂಲಿಯವರ ದುಡಿಮೆಯೂ ಹೋಯಿತು. 1983ರಲ್ಲಿಯೇ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ ಮತ್ತು ಮಾವಿನ ಬೀಜ ಊರಿದರು. ಆ ಯೋಜನೆಯ ಮೇಲೆ ಜನರು ಕೊಟ್ಟ ಅಭಿಪ್ರಾಯ ಅದು. ಯಾವ ಸಭೆಯಲ್ಲೂ ಅವರನ್ನು ಕೇಳಿರದ ಕಾರಣ ಅದನ್ನು ಕೈಯಿಂದ ಹೇಳಬೇಕಾಯಿತು.

ಮರುವರ್ಷ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಹುಟ್ಟಿಕೊಂಡಿತು. ಇದು ವಿದೇಶಿ ನೆರವಿನ ಯೋಜನೆಯಲ್ಲ, ಸರ್ಕಾರ ಮತ್ತು ಮರದಿಂದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕಟ್ಟಿದ ಜಂಟಿ ಕಂಪನಿ. ಆದರೂ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗದು. ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ವರ್ಗದ ಜಮೀನನ್ನು ಕಂಪನಿಗೆ ಕೊಡುವುದೆಂದು ಆಯಿತು. ದಾಖಲೆಯಲ್ಲಿ ಇವು ಪಾಳುಭೂಮಿ. ಊರಿನವರ ಬದುಕಿನಲ್ಲಿ ಇವೇ ಗೋಮಾಳ, ಇವೇ ಕಟ್ಟಿಗೆಯ ಗುಡ್ಡ, ಕುರಿ ಮೇಕೆಗಳು ಮೇಯುವ ಜಾಗ. 1986ರಲ್ಲಿ ಶಿವರಾಮ ಕಾರಂತರೂ ಅರ್ಜಿದಾರರಾಗಿ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಎಸ್.ಆರ್. ಹಿರೇಮಠ ಮತ್ತು ಅವರ ಸಂಗಾತಿಗಳ ಮುಂದಾಳತ್ವದಲ್ಲಿ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ನೀವು ಪರಿಸರದ ಕೆಲಸಕ್ಕೆ ಹೋಗುವವರಾದ್ದರಿಂದ ಆ ಘೋಷಣೆಯ ಎರಡನೆಯ ಪದವನ್ನು ಗಮನಿಸಿ ಎಂದು ಕೋರುತ್ತೇನೆ. ಹಳ್ಳಿಗರು ಗಿಡವೇ ಬೇಡ ಎನ್ನಲಿಲ್ಲ, ಯಾವ ಗಿಡ ಎಂಬುದನ್ನು ತೀರ್ಮಾನಿಸುವ ಹಕ್ಕು ತಮ್ಮದು ಎಂದರು.

ಇದೇ ಹೊತ್ತಿಗೆ ಬ್ರಿಟನ್ನಿನ ಸಾಗರೋತ್ತರ ಅಭಿವೃದ್ಧಿ ಇಲಾಖೆ ಉತ್ತರ ಕನ್ನಡದಿಂದ ಆರಂಭಿಸಿ ಪಶ್ಚಿಮ ಘಟ್ಟ ಅರಣ್ಯ ಯೋಜನೆಗೆ ಹಣ ಕೊಡಲು ಮುಂದಾಯಿತು. ಹಿಂದಿನ ಯೋಜನೆಯ ಮೇಲಿನ ಟೀಕೆ ಎಲ್ಲರ ನೆನಪಿನಲ್ಲಿದ್ದುದರಿಂದ ಈ ಬಾರಿ ಬಡವರ, ಮಹಿಳೆಯರ ಮತ್ತು ಆದಿವಾಸಿಗಳ ಪಾಲ್ಗೊಳ್ಳುವಿಕೆಯನ್ನು ಯೋಜನೆಯ ಉದ್ದೇಶಗಳಲ್ಲಿಯೇ ಬರೆಯಲಾಯಿತು. 1993ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ, ಅಂದರೆ ಇಲಾಖೆ ಮತ್ತು ಊರಿನವರು ಸೇರಿ ಕಾಡನ್ನು ನೋಡಿಕೊಳ್ಳುವ, ಆದೇಶ ಹೊರಡಿಸಿತು, ಊರೂರಿನಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. ಸಹಭಾಗಿತ್ವ ಎಂಬ ಮಾತನ್ನು ವಿದೇಶದವರು ಹೊತ್ತು ತಂದರು ಎಂದು ಅನೇಕರು ಹೇಳುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ತುಮಕೂರಿನಲ್ಲೂ ಕುಸನೂರಿನಲ್ಲೂ ಮಣ್ಣಿಗೆ ಕೈ ಹಾಕಿದವರು ಅದನ್ನು ಮೊದಲು ಕೇಳಿದ್ದರು, ಯೋಜನೆಯ ಕಡತದಲ್ಲಿ ಅದು ಆಮೇಲೆ ಕಾಣಿಸಿಕೊಂಡಿತು.

ಆ ಸಮಿತಿಗಳಿಂದ ಒಳ್ಳೆಯದಾಗಲೇ ಇಲ್ಲವೆಂದು ಹೇಳಲಾರೆ. ಅರಣ್ಯ ಸಿಬ್ಬಂದಿಯನ್ನು ಕಂಡರೆ ದಾರಿ ಬದಲಿಸುತ್ತಿದ್ದ ಜನ ಅವರೊಂದಿಗೆ ಒಂದೇ ಜಮಖಾನೆಯ ಮೇಲೆ ಕೂತು ಮಾತಾಡಿದ್ದು ಸಣ್ಣ ಸಂಗತಿಯಲ್ಲ. ಆದರೆ ಸಮಿತಿಯ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರ್ ಆಗಿದ್ದರು. ಸಮಿತಿಯ ಕೈಗೆ ಬಂದದ್ದು ಬಹುಪಾಲು ಸವಕಲು ಕಾಡು. ಅಲ್ಲಿ ನೆಟ್ಟದ್ದು ಹೆಚ್ಚಾಗಿ ಅಕೇಶಿಯಾ. ಉಪ್ಪಾಗೆ, ಮುರುಗಲು, ರಾಮಪತ್ರೆ, ಸೀಗೆಯಂಥ ಗಿಡಗಳಿಂದ ನಾಲ್ಕು ಕಾಸು ಕಾಣುತ್ತಿದ್ದ ಕುಟುಂಬಗಳಿಗೆ ಅಕೇಶಿಯಾ ನೆಡುತೋಪಿನಿಂದ ಬರುವುದು ಕಟಾವಿನ ಪಾಲು ಮಾತ್ರ, ಅದೂ ವರ್ಷಗಳ ನಂತರ.

ಇದಕ್ಕಿಂತ ಆಳದ ತೊಡಕು ಬೇರೊಂದಿದೆ. ಹೊರಗಿನಿಂದ ಬಂದವರಿಗೆ ಅದು ಬೇಗ ಕಾಣುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದಲ್ಲಿ ಸೊಪ್ಪು, ತರಗೆಲೆ, ಉರುವಲು ತೆಗೆಯಬಹುದು. ತೋಟವಿಲ್ಲದವರಿಗೆ, ಅಂದರೆ ಭೂಮಿಯಿಲ್ಲದ ಕೂಲಿಗಳಿಗೆ, ಎಮ್ಮೆ ಸಾಕುವ ಗೌಳಿಗರಿಗೆ, ಸಿದ್ದಿಯರಲ್ಲಿ ಬಹಳ ಮಂದಿಗೆ, ಬೆಟ್ಟವಿಲ್ಲ. ಅವರಿಗೆ ಇರುವುದು ಊರಿನ ಸುತ್ತಲಿನ ಸವಕಲು ಕಾಡು ಮಾತ್ರ. ಯೋಜನೆ ಬಂದು ‘ಸವಕಲು ಕಾಡನ್ನು ಬೇಲಿ ಹಾಕಿ ಉಳಿಸೋಣವೇ’ ಎಂದು ಸಭೆಯಲ್ಲಿ ಕೇಳಿದಾಗ, ಬೆಟ್ಟವಿರುವವರು ಮನಸ್ಫೂರ್ತಿಯಾಗಿ ಒಪ್ಪುತ್ತಾರೆ. ಅವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಓದುಬರಹ ಬಲ್ಲವರು, ಮಾತು ಬಲ್ಲವರು ಅವರೇ ಆದ್ದರಿಂದ ಅಧ್ಯಕ್ಷರೂ ಅವರೇ ಆಗುತ್ತಾರೆ. ಹೀಗೆ ಎಲ್ಲ ನಿಯಮಗಳನ್ನೂ ಪಾಲಿಸಿ, ಬಹುಮತದಿಂದ, ಊರಿನ ಅತಿ ಬಡವರ ಕಾಡನ್ನು ಮುಚ್ಚಬಹುದು, ಹಸಿರು ಹೆಚ್ಚಿತೆಂದು ಪ್ರಾಮಾಣಿಕವಾಗಿ ವರದಿಯನ್ನೂ ಬರೆಯಬಹುದು.

ಇಂಥ ವರದಿಯೊಂದನ್ನು ನಾನೇ ಬರೆದಿದ್ದೇನೆ. ಇದು ನಾನು ಮೇಲೆ ಹೇಳಿದ ಯೋಜನೆಗಳ ಕಾಲದ್ದಲ್ಲ. ಬಹಳ ವರ್ಷಗಳ ನಂತರ ಒಂದು ಸಂಸ್ಥೆಗೆ ಬಂದ ಹೊರದೇಶದ ಸಣ್ಣ ಅನುದಾನದ ಕೆಲಸದಲ್ಲಿ, ಒಂದು ಊರಿನಲ್ಲಿ, ಮೂವತ್ತು ಎಕರೆಯ ಗುಡ್ಡಕ್ಕೆ ಅಗಳ, ಅಂದರೆ ದನ ಒಳಬಾರದಂತೆ ಸುತ್ತ ಕಂದಕ, ಹೊಡೆಸಿ ಸಸಿ ನೆಡುವ ಜವಾಬ್ದಾರಿ ನನ್ನದಾಗಿತ್ತು. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಜಗಲಿಯಲ್ಲಿ ಕರೆದೆ. ಕೋರಂ ತುಂಬಿತು, ನಡಾವಳಿ ಪುಸ್ತಕದಲ್ಲಿ ಸಹಿಗಳಾದವು. ಬಾರದವರ ಮನೆಗಳಿಗೆ ಸಂಜೆ ಹೋಗಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಗೌಳಿವಾಡದ ಮನೆಗಳಲ್ಲಿಯೂ ಹಾಕಿಸಿಕೊಂಡೆ, ಗುಡ್ಡಕ್ಕೆ ಗಿಡ ಬರುತ್ತದೆ ಎಂದಷ್ಟೇ ಅವರಿಗೆ ಹೇಳಿದ್ದೆ. ಅಗಳ ಎಲ್ಲಿ ಹಾಯುತ್ತದೆ ಎಂದು ಹೇಳಿರಲಿಲ್ಲ, ಅದು ಹೇಳಬೇಕಾದ ವಿಷಯವೆಂದು ನನಗೆ ಹೊಳೆದಿರಲೂ ಇಲ್ಲ. ಮಳೆಗಾಲಕ್ಕೆ ಮುಂಚೆ ಯಂತ್ರ ಬಂದು ಅಗೆದಾಗ, ಅವರ ಎಮ್ಮೆಗಳು ಹಳ್ಳದ ನೀರಿಗೆ ಇಳಿಯುವ ದಾರಿಯೇ ತುಂಡಾಯಿತು. ಆ ಬೇಸಿಗೆಯಲ್ಲಿ ಅವರು ಎರಡು ಮೈಲಿ ಸುತ್ತಿ ಎಮ್ಮೆ ಹೊಡೆದುಕೊಂಡು ಹೋದರು, ಹಾಲು ಇಳಿಯಿತು, ಒಂದೆರಡು ಮನೆಯವರು ಎಮ್ಮೆ ಮಾರಿದರು. ಯಾರೂ ನನ್ನ ಬಳಿ ಬಂದು ಜಗಳವಾಡಲಿಲ್ಲ. ಒಬ್ಬ ಹಿರಿಯ ಹೆಂಗಸು ಮಾತ್ರ, ಮಜ್ಜಿಗೆ ಕೊಡುತ್ತಾ, “ತಮ್ಮಾ, ನೀ ಬಂದು ಹೆಬ್ಬೆಟ್ಟು ಕೇಳಿದಿ, ಕೊಟ್ವಿ. ದಾರಿ ಕೇಳಿದ್ದರೆ ಅದನ್ನೂ ತೋರಸ್ತಿದ್ವಿ” ಎಂದರು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ನಂತರ ಅಗಳವನ್ನು ಎರಡು ಕಡೆ ಮುಚ್ಚಿಸಿ ದಾರಿ ಬಿಡಿಸಿದೆವು. ಅನುದಾನ ಕೊಟ್ಟವರಿಗೆ ಕಾರಣ ಬರೆದು ಕಳುಹಿಸಿದಾಗ ಅವರು ಆಕ್ಷೇಪಿಸಲಿಲ್ಲ. ಹಣ ಕೊಡುವವರು ಒಪ್ಪುವುದಿಲ್ಲ ಎಂಬ ಭಯದಿಂದ ನಾವೇ ಎಷ್ಟೋ ವಿಷಯಗಳನ್ನು ವರದಿಯಿಂದ ಬಿಡುತ್ತೇವೆ, ಆ ಭಯಕ್ಕೆ ಎಲ್ಲ ಸಲ ಆಧಾರವಿರುವುದಿಲ್ಲ. ಇನ್ನು, ಎಲ್ಲವನ್ನೂ ‘ವಿದೇಶಿ ನೆರವು’ ಎಂದು ಒಂದೇ ಹೆಸರಿನಲ್ಲಿ ಕರೆಯುವುದೂ ಸರಿಯಲ್ಲ. ಬ್ರಿಟನ್ ಕೊಟ್ಟದ್ದು ಅನುದಾನ. ವಿಶ್ವಬ್ಯಾಂಕಿನದು ಸಾಲ, 2005ರ ನಂತರ ಜಪಾನಿನಿಂದ ನಮ್ಮ ಅರಣ್ಯ ಯೋಜನೆಗೆ ಬಂದದ್ದೂ ಸಾಲ. ಸಾಲವನ್ನು ತೀರಿಸುವುದು ನಮ್ಮ ತೆರಿಗೆಯ ಹಣ. ಆದ್ದರಿಂದ ಲೆಕ್ಕ ಕೇಳುವ ಹಕ್ಕು ಆ ಗೌಳಿಗರಿಗೂ ಇದೆ.

ಪ್ರಜಾಪ್ರಭುತ್ವದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಾಖಂಡಿತವಾದದ್ದು. ಯೋಜನೆ ಕಟ್ಟುವ ಸಮಿತಿಗೆ ಯೋಜನೆಯಷ್ಟೇ ಆಯುಸ್ಸು. ಹಣ ನಿಂತ ಮೇಲೆ ಸಭೆಗಳು ನಿಂತು, ಬ್ಯಾಂಕಿನಲ್ಲಿ ಖಾತೆ ಮಾತ್ರ ಉಳಿದ ಸಮಿತಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. 2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕಿಂತ ಗಟ್ಟಿಯಾದ ನೆಲೆ ಒದಗಿಸುತ್ತದೆ. ಅಲ್ಲಿ ಮೇವು, ನೀರು, ಕಿರು ಅರಣ್ಯ ಉತ್ಪನ್ನಗಳ ಮೇಲಿನ ಸಮುದಾಯದ ಹಕ್ಕು ಕಾನೂನಿನ ಹಕ್ಕು, ಅರ್ಜಿಗಳನ್ನು ಮೊದಲು ಪರಿಶೀಲಿಸುವುದು ಗ್ರಾಮಸಭೆ. 2012ರ ತಿದ್ದುಪಡಿಯ ಪ್ರಕಾರ ಆ ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಎಮ್ಮೆಗಳ ಹಿಂದೆ ಊರಿಂದೂರಿಗೆ ನಡೆದು ಬಂದವರ ಬಳಿ ಅಂಥ ಕಾಗದ ಎಲ್ಲಿಂದ ಬರಬೇಕು? ಹಿರಿಯರ ಹೇಳಿಕೆ ಬರೆಸಿಕೊಳ್ಳುವುದು, ಗುಡ್ಡದ ನಕ್ಷೆ ಮಾಡುವುದು, ಹಳೆಯ ದಾಖಲೆ ಹುಡುಕುವುದು ಇವಕ್ಕೆ ನೆರವಿನ ಯೋಜನೆಯೊಂದು ತನ್ನ ಸಿಬ್ಬಂದಿಯನ್ನೂ ಹಣವನ್ನೂ ಬಳಸಿದರೆ, ನೆಟ್ಟ ಸಸಿ ಒಣಗಿದರೂ ಆ ಕೆಲಸ ಉಳಿಯುತ್ತದೆ. ನಿಮ್ಮ ಯೋಜನೆಯಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಸೇರುವ ಮೊದಲೇ ಕೇಳಿ. ಇಲ್ಲವೆಂದರೂ ಸೇರಿ, ಒಳಗಿದ್ದು ಕೇಳುತ್ತಿರಿ.

ಊರಿಗೆ ಹೋದ ಮೊದಲ ವಾರ ಅಧ್ಯಕ್ಷರ ಮನೆಯಲ್ಲಿ ಸಭೆ ಕರೆಯಬೇಡಿ. ಬೆಳಿಗ್ಗೆ ಆರಕ್ಕೆ ಕಟ್ಟಿಗೆಗೆ ಹೋಗುವ ಹೆಂಗಸರ ಜೊತೆ, ಎಂಟಕ್ಕೆ ದನ ಹೊಡೆಯುವವರ ಜೊತೆ ಗುಡ್ಡ ಹತ್ತಿ. ಯಾವ ದಾರಿ, ಯಾವ ನೀರು, ಯಾವ ಮರದ ಟೊಂಗೆ, ಯಾವ ತಿಂಗಳು ಎಂದು ಅವರು ತೋರಿಸಿದ್ದನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ಆ ನಕ್ಷೆಯನ್ನು ಅವರ ಕೇರಿಯಲ್ಲೇ, ಅವರ ಮುಂದೆಯೇ ಮತ್ತೊಮ್ಮೆ ಓದಿ ಹೇಳಿ ತಿದ್ದಿಸಿಕೊಳ್ಳಿ. ಸಭೆ ಎಷ್ಟು ಹೊತ್ತಿಗೆ ಇಡಬೇಕೆಂದು ಅವರನ್ನೇ ಕೇಳಿ, ಆಮೇಲೆ ಡಂಗುರ ಸಾರಿಸಿ.