ಓದುಗರ ಪ್ರಶ್ನೆ: ಕಾಸೆಲ್‌ನ ಬ್ಯಾನರು, ವಿಟೆನ್‌ಬರ್ಗ್‌ನ ಕಲ್ಲು

ಪ್ರಶ್ನೆ: 2022ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನದಿಂದ ಇಂಡೊನೇಷ್ಯಾದ ಚಿತ್ರವೊಂದನ್ನು ಇಳಿಸಿದರಂತೆ. ಅಲ್ಲಿನ ಸರ್ವಾಧಿಕಾರಿ ಸುಹಾರ್ತೊನ ಆಡಳಿತವನ್ನು ಖಂಡಿಸುವ ಚಿತ್ರವಂತೆ ಅದು. ಇಸ್ರೇಲನ್ನು ಟೀಕಿಸಿದ್ದೇ ತಪ್ಪಾಯಿತೆ?

ಉತ್ತರ: ಅದಲ್ಲ. ಇಂಡೊನೇಷ್ಯಾದ ಕಲಾವಿದರ ತಾರಿಂಗ್ ಪಾಡಿ ಬಳಗ 2002ರಲ್ಲಿ ರಚಿಸಿದ ‘ಪೀಪಲ್ಸ್ ಜಸ್ಟಿಸ್’ ಸುಮಾರು 8 ಮೀಟರಿಗೆ 12 ಮೀಟರಿನ ಬ್ಯಾನರು, ಅದರ ತುಂಬ ಆಕೃತಿಗಳು. ಎರಡನ್ನಷ್ಟೇ ಹತ್ತಿರದಿಂದ ನೋಡೋಣ. ಒಂದು, ಹಂದಿಮೋರೆಯ ಸೈನಿಕ. ಕೊರಳವಸ್ತ್ರದ ಮೇಲೆ ಯಹೂದಿಗಳ ಚಿಹ್ನೆಯಾದ ದಾವೀದನ ನಕ್ಷತ್ರ, ಹೆಲ್ಮೆಟ್ಟಿನ ಮೇಲೆ ಇಸ್ರೇಲಿನ ಗೂಢಚಾರ ಸಂಸ್ಥೆ ‘ಮೊಸಾದ್’ನ ಹೆಸರು. ಬೇರೆ ದೇಶಗಳ ಗೂಢಚಾರರೂ ಅವನ ಜೊತೆಗಿರುವುದರಿಂದ ಇದರ ಬಗ್ಗೆ ವಾದಕ್ಕೆ ಎಡೆಯುಂಟು. ಇನ್ನೊಂದಕ್ಕೆ ಇಲ್ಲ: ಕೆನ್ನೆಯ ಪಕ್ಕ ಇಳಿಬಿದ್ದ ಕೂದಲ ಸುರುಳಿ, ಕೋರೆಹಲ್ಲು, ಕೆಂಗಣ್ಣು, ಬಾಯಲ್ಲಿ ಸಿಗಾರ್, ಟೋಪಿಯ ಮೇಲೆ ಯಹೂದಿಗಳ ಹತ್ಯಾಕಾಂಡ ನಡೆಸಿದ ನಾಜಿಗಳ ಎಸ್‌ಎಸ್ ಪಡೆಯ ಗುರುತು. ಕೆನ್ನೆಗೂದಲು ಶ್ರದ್ಧಾವಂತ ಯಹೂದಿ ಗಂಡಸರದು; ಯಹೂದಿಗಳು ರಕ್ತಪಿಪಾಸುಗಳೆಂಬ ಯುರೋಪಿನ ಹಳೆಯ ಸುಳ್ಳಿನಿಂದ ಬಂದದ್ದು ಕೋರೆಹಲ್ಲು. ಕೊಲೆಯಾದ ಜನರ ತಲೆಗೇ ಕೊಂದವರ ಮುದ್ರೆ ಒತ್ತಿದ್ದಾರೆ. ಇಂಥ ಚಿತ್ರ ಎದುರಾದಾಗ ಸಮವಸ್ತ್ರ, ಬಾವುಟ, ಪದವಿಯ ಚಿಹ್ನೆಗಳನ್ನು ಮನಸ್ಸಿನಲ್ಲೇ ಅಳಿಸಿ ನೋಡಿ. ಆಮೇಲೂ ಮೂಗು, ಕೂದಲು, ಹಲ್ಲುಗಳೇ ಆರೋಪ ಹೊರಿಸುತ್ತಿದ್ದರೆ ಟೀಕೆ ಸರ್ಕಾರದ ಮೇಲಲ್ಲ, ಜನಾಂಗದ ಮೇಲೆ.

ಎಡವಿದ್ದು ತಪಾಸಣೆಯಲ್ಲಿ. ಬ್ಯಾನರು ಮೇಲೇರಿದ್ದು ಪತ್ರಕರ್ತರ ವೀಕ್ಷಣೆ ಮುಗಿದ ಮೇಲೆ. ಜೂನ್ 18ಕ್ಕೆ ಪ್ರದರ್ಶನ ತೆರೆಯಿತು, 20ಕ್ಕೆ ಕಪ್ಪು ಬಟ್ಟೆ ಹೊದಿಸಿದರು, 21ಕ್ಕೆ ಇಳಿಸಿದರು. ಕಲಾವಿದರು ಕ್ಷಮೆ ಕೇಳಿದರು; ಜುಲೈಯಲ್ಲಿ ಮಹಾನಿರ್ದೇಶಕಿ ಹುದ್ದೆ ತೊರೆದರು. ಇಷ್ಟು ದೊಡ್ಡ ಕೃತಿಯನ್ನು ಒಂದೇ ಫೋಟೊದಲ್ಲಿ ನೋಡಿ ಒಪ್ಪಬಾರದು. ಒಂದೊಂದು ಮೀಟರಿನ ಚೌಕಗಳಾಗಿ ಫೋಟೊ ತೆಗೆಸಿ, ಯಹೂದಿದ್ವೇಷದ ಚಿತ್ರಚರಿತ್ರೆ ಬಲ್ಲವರಿಗೆ ಸಾಗಣೆಗೆ ಮೊದಲೇ ತೋರಿಸಬೇಕು. ಸಂಶಯ ಬಂದರೆ ಕಲಾವಿದರ ಜೊತೆ ಕೂತು ಮಾತಾಡಲು ಆಗ ಸಮಯವಿರುತ್ತದೆ; ತೂಗುಹಾಕಿದ ಮೇಲೆ ಉಳಿಯುವುದು ಬಟ್ಟೆ ಹೊದಿಸುವ ದಾರಿ ಮಾತ್ರ.

ಪ್ರಶ್ನೆ: ಹಾಗಾದರೆ ವಿಟೆನ್‌ಬರ್ಗ್ ಚರ್ಚಿನ ಗೋಡೆಯ ‘ಯಹೂದಿ ಹಂದಿ’ ಶಿಲ್ಪ ಇನ್ನೂ ಏಕಿದೆ?

ಉತ್ತರ: ಹಂದಿಯ ಮೊಲೆಗೆ ಬಾಯಿಟ್ಟ ಯಹೂದಿಗಳನ್ನು ತೋರಿಸುವ ಈ ಉಬ್ಬುಶಿಲ್ಪ ಮಧ್ಯಯುಗದ್ದು; ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಬೋಧಿಸಿದ ಚರ್ಚಿನದು. ಅದನ್ನು ತೆಗೆಸಬೇಕೆಂಬ ಯಹೂದಿಯೊಬ್ಬರ ದಾವೆಯನ್ನು ಜರ್ಮನಿಯ ಫೆಡರಲ್ ನ್ಯಾಯಾಲಯ ಅದೇ 2022ರ ಜೂನ್ 14ರಂದು ತಳ್ಳಿಹಾಕಿತು. ಶಿಲ್ಪವಷ್ಟೇ ಇದ್ದಿದ್ದರೆ ಅದು ಅವಮಾನವೇ, ಆದರೆ 1988ರ ಕಂಚಿನ ಫಲಕ ಮತ್ತು ವಿವರಣೆಯ ಹಲಗೆ ಅದನ್ನು ಎಚ್ಚರಿಕೆಯ ಸ್ಮಾರಕವಾಗಿಸಿವೆ ಎಂಬುದು ತೀರ್ಪಿನ ತರ್ಕ. ನಮಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಫಲಕವಿರುವುದು ನೆಲದಲ್ಲಿ, ಹಂದಿ ಇರುವುದು ಮೇಲೆ ಗೋಡೆಯಲ್ಲಿ. ತಲೆಯೆತ್ತಿ ನೋಡುವವನ ಕಣ್ಣಿಗೆ ಒಂದು ಬಿದ್ದರೆ ಇನ್ನೊಂದು ಬೀಳದು. ಶಿಲ್ಪವನ್ನು ಕೆಳಗಿಳಿಸಿ, ವಿವರಣೆಯ ಪಕ್ಕದಲ್ಲೇ, ಕಣ್ಣಿನ ಎತ್ತರಕ್ಕೆ ಇಡಬೇಕು.