ಮೈದಾನದ ಹಿಂದೆ ಹಾಡು ಎರಡೆರಡು ಸಲ ಕೇಳಿಸುತ್ತಿದ್ದರೆ

ಹಿಂದೆ ಕೂತವರಿಗೆ ಹಾಡು ಎರಡೆರಡು ಸಲ ಕೇಳಿಸುತ್ತದೆ ಅಂದಿರಲ್ಲ, ಬಹುಶಃ ಮೈದಾನದ ನಡುವೆ ನಿಲ್ಲಿಸಿದ ಸ್ಪೀಕರ್‌ಗಳಿಗೆ ಡಿಲೇ (ಸದ್ದನ್ನು ತುಸು ತಡವಾಗಿ ಹೊರಡಿಸುವ ಸೆಟ್ಟಿಂಗ್) ಹಾಕಿಲ್ಲ. ಕೇಬಲ್‌ನಲ್ಲಿ ಸಿಗ್ನಲ್ ತಕ್ಷಣ ತಲುಪುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಅಷ್ಟೇ ಹೋಗುತ್ತದೆ. ಹಾಗಾಗಿ ಹಿಂದಿನವರಿಗೆ ನಡುವಿನ ಸ್ಪೀಕರ್‌ನ ಸದ್ದು ಮೊದಲು, ವೇದಿಕೆಯದು ಆಮೇಲೆ ಕೇಳಿಸುತ್ತದೆ.

ಸುಮ್ನೆ ವಾಲ್ಯೂಮ್ ಜಾಸ್ತಿ ಮಾಡಬೇಡಿ, ಗಲಿಬಿಲಿ ಹೆಚ್ಚುತ್ತದೆ. ಮೊದಲು ವೇದಿಕೆಯ ಸ್ಪೀಕರ್‌ನಿಂದ ನಡುವಿನದಕ್ಕೆ ಟೇಪ್ ಹಿಡಿದು ಅಳೆಯಿರಿ. ಬಂದ ಮೀಟರನ್ನು 2.9ರಿಂದ ಗುಣಿಸಿ. 60 ಮೀಟರ್ ಇದ್ದರೆ 174 ಮಿಲಿಸೆಕೆಂಡ್. ಅದಕ್ಕೆ 10-15 ಮಿಲಿಸೆಕೆಂಡ್ ಸೇರಿಸಿ, ಮಿಕ್ಸರ್‌ನಲ್ಲಿ ನಡುವಿನ ಸ್ಪೀಕರ್‌ಗಳ ಔಟ್‌ಪುಟ್‌ಗೆ ಅಷ್ಟು ಡಿಲೇ ಹಾಕಿ. ಆಗ ಹಾಡು ವೇದಿಕೆಯಿಂದಲೇ ಬಂದಂತೆ ಕೇಳಿಸುತ್ತದೆ.

ಒಬ್ಬರು ಮೈಕ್ ಮುಂದೆ ಚಪ್ಪಾಳೆ ತಟ್ಟಲಿ, ನೀವು ಹಿಂದೆ ನಿಂತು ಕೇಳಿ. ಆಮೇಲೂ ಎರಡು ಸಲ ಕೇಳಿಸಿದರೆ ಹಿಂದಿನ ಕಟ್ಟಡದ ಗೋಡೆಗೆ ಸದ್ದು ಬಡಿದು ವಾಪಸ್ ಬರುತ್ತಿರಬಹುದು. ಸ್ಪೀಕರ್‌ಗಳನ್ನು ಜನರ ಕಡೆಗೆ ತುಸು ಬಗ್ಗಿಸಿ.