ಗೊಂಬೆ ಮನೆಗೆ ಹೊಲಿದ ಪರದೆ ಇಳಿಬೀಳದೆ ಸೆಟೆದು ನಿಲ್ಲುತ್ತದೆ, ಏನು ಮಾಡಲಿ?

ನಿಮ್ಮ ಕಷ್ಟ ಇಷ್ಟು: ಮನೆಯ ಪರದೆಗೆ ತಂದು ಉಳಿದ ಬಟ್ಟೆಯಲ್ಲೇ ಮಗಳ ಗೊಂಬೆ ಮನೆಗೂ ಪರದೆ ಮಾಡಿದಿರಿ, ಅಂಚು ಮಡಿಸಿ ಮೆಷಿನ್ ಹೊಲಿಗೆ ಹಾಕಿದಿರಿ, ಆದರೆ ಅದು ಗರಿಗರಿ ಲಂಗದ ಹಾಗೆ ಮುಂದಕ್ಕೆ ಚಾಚಿಕೊಂಡು ನಿಂತಿದೆ. ನಾನೂ ಇದನ್ನೇ ಮಾಡಿದ್ದೆ. ಹೊಲಿಗೆ ಸರಿಯಾಗೇ ಇರುತ್ತದೆ, ಬಟ್ಟೆಗೆ ಭಾರ ಸಾಲುವುದಿಲ್ಲ ಅಷ್ಟೆ.

ಗೊಂಬೆ ಮನೆಗಳನ್ನು ಸಾಮಾನ್ಯವಾಗಿ ಒಂದು ಅಡಿಗೆ ಒಂದು ಇಂಚು ಲೆಕ್ಕದಲ್ಲಿ ಮಾಡುತ್ತಾರೆ. (ದೆಹಲಿಯ ರಾಷ್ಟ್ರಪತಿ ಭವನದ ವಿನ್ಯಾಸ ಮಾಡಿದ ಲುಟ್ಯೆನ್ಸ್ ಇಂಗ್ಲೆಂಡಿನ ರಾಣಿ ಮೇರಿಗಾಗಿ ಒಂದು ಗೊಂಬೆ ಮನೆ ಮಾಡಿಸಿದ್ದರು. 1924ರಲ್ಲಿ ಮುಗಿದ ಆ ಮನೆಯೂ ಇದೇ ಅಳತೆಯದು. ಅದರ ನಲ್ಲಿಗಳಲ್ಲಿ ನೀರು ಬೇರೆ ಬರುವ ಹಾಗೆ ಮಾಡಿದ್ದರಂತೆ! ನಮಗೆ ಅಷ್ಟೆಲ್ಲಾ ಬೇಡ ಬಿಡಿ.) ಈ ಲೆಕ್ಕದಲ್ಲಿ 7 ಅಡಿ ಪರದೆ 7 ಇಂಚಾಗುತ್ತದೆ. ಉದ್ದ 12ರಲ್ಲಿ ಒಂದು ಪಾಲು, ಅಗಲವೂ ಅಷ್ಟೇ. ಅಂದರೆ ಅದೇ ಬಟ್ಟೆಯ ತೂಕ 144ರಲ್ಲಿ ಒಂದು ಪಾಲು. ದಪ್ಪ ಮಾತ್ರ ಇದ್ದಷ್ಟೇ ಇರುತ್ತದೆ. ಸೆಟೆಯದೆ ಇನ್ನೇನು ಮಾಡೀತು?

ಹಾಗಾಗಿ ಬಟ್ಟೆ ತೀರಾ ತೆಳು ಇರಬೇಕು, ಜೊತೆಗೆ ನೆರಿಗೆ ತಾನಾಗೇ ಬೀಳುತ್ತೆ ಅಂತ ಕಾಯದೆ ನಾವೇ ಕೂರಿಸಬೇಕು.

ಬಟ್ಟೆಗೆ ಅಂಗಡಿಗೆ ಹೋಗಬೇಡಿ. ಒಗೆದು ಒಗೆದು ಸವೆದ ಹಳೇ ಬಿಳಿ ಪಂಚೆಗಿಂತ ಒಳ್ಳೆಯ ಬಟ್ಟೆ ನನಗೆ ಇನ್ನೂ ಸಿಕ್ಕಿಲ್ಲ. ಅದರ ಅಂಚೇ ಪರದೆಯ ಕೆಳಭಾಗಕ್ಕೆ ಬರುವ ಹಾಗೆ ಕತ್ತರಿಸಿ. ಅಲ್ಲಿ ಎಳೆ ಬಿಡುವುದಿಲ್ಲ, ಮಡಿಸಿ ಹೊಲಿಯುವ ಗೋಜೂ ಇಲ್ಲ. ಕಾಲಿಂಚಿನ ಅಂಚು ಇದ್ದರೆ ಗೊಂಬೆಯ ಲೆಕ್ಕದಲ್ಲಿ ಅದು 3 ಇಂಚಿನ ಬಾರ್ಡರ್! ಉಳಿದ ಮೂರು ಬದಿಗೆ ಕತ್ತರಿಸುವ ಮೊದಲೇ ಗೆರೆಯ ಮೇಲೆ ಅಂಟು ನೀರು (ಕೆಳಗೆ ಹೇಳಿರುವ ಫೆವಿಕಾಲ್ ನೀರೇ) ಸವರಿ, ಒಣಗಿದ ಮೇಲೆ ಕತ್ತರಿ ಹಾಕಿ. ಹಳೇ ಮಲ್ ಸೀರೆ, ತೆಳು ರೇಷ್ಮೆ ದುಪಟ್ಟಾ ಕೂಡ ಆಗುತ್ತದೆ. ಹೂವಿನ ಪ್ರಿಂಟ್ ಬೇಕೇ ಬೇಕು ಅಂದರೆ ಸಾಸಿವೆ ಕಾಳಿನಷ್ಟು ಹೂ ಹುಡುಕಿ. ಒಂದಿಂಚಿನ ಹೂವು ಅಲ್ಲಿ ಒಂದಡಿಯ ಹೂವಾಗಿ ಕಾಣುತ್ತದೆ.

ಅಗಲ ಕಿಟಕಿಯ ಎರಡರಷ್ಟು ಸಾಕು. ಅದಕ್ಕಿಂತ ಜಾಸ್ತಿ ಆದರೆ ಬಟ್ಟೆ ಮೂಟೆ ಕಟ್ಟಿದ ಹಾಗಾಗುತ್ತದೆ.

ಈಗ ನೆರಿಗೆ. ಒಂದು ಚಮಚ ಫೆವಿಕಾಲ್‌ಗೆ ನಾಲ್ಕು ಚಮಚ ನೀರು ಹಾಕಿ ಕದಡಿ. ಬಟ್ಟೆ ಅದ್ದಿ, ಹಿಂಡದೆ ಎರಡು ಬೆರಳಿನ ನಡುವೆ ಎಳೆದು ತೆಗೆಯಿರಿ. ಥರ್ಮೋಕೋಲ್ ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ ಅದರ ಮೇಲೆ ಕೆಲಸ ಮಾಡಿ. ಆಮೇಲೆ ತೆಂಗಿನ ಪೊರಕೆಯಿಂದ ಹತ್ತು ಹದಿನೈದು ಕಡ್ಡಿ ಕಿತ್ತುಕೊಳ್ಳಿ. (ಹೊಸ ಪೊರಕೆ, ದಯವಿಟ್ಟು.) ಒಂದು ಕಡ್ಡಿ ಬಟ್ಟೆಯ ಕೆಳಗೆ, ಒಂದು ಮೇಲೆ, ಮತ್ತೊಂದು ಕೆಳಗೆ, ಹೀಗೆ ಇಡುತ್ತಾ ಪ್ರತಿ ಕಡ್ಡಿಯನ್ನೂ ಹಿಂದಿನದಕ್ಕೆ ಒತ್ತರಿಸಿ. ಕಡ್ಡಿ ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ ಅಲ್ವಾ? ದಪ್ಪ ತುದಿಗಳೆಲ್ಲಾ ಪರದೆಯ ಕೆಳಗಡೆಗೆ ಬರಲಿ. ಆಗ ನೆರಿಗೆ ಮೇಲೆ ಬಿಗಿಯಾಗಿ, ಕೆಳಗೆ ತುಸು ಅರಳಿಕೊಂಡು, ನಿಜವಾದ ಪರದೆಯ ಹಾಗೇ ಕಾಣುತ್ತದೆ. ಎರಡೂ ಕಡೆ ಗುಂಡುಪಿನ್ನು ಚುಚ್ಚಿ ಕಡ್ಡಿಗಳು ಜರುಗದಂತೆ ತಡೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಕಡ್ಡಿಗಳನ್ನು ಒಂದೊಂದಾಗಿ, ಉದ್ದಕ್ಕೆ ಜಾರಿಸಿ ತೆಗೆಯಿರಿ. ಮೇಲಕ್ಕೆ ಎತ್ತಿದರೆ ನೆರಿಗೆ ಬಿಚ್ಚಿಕೊಳ್ಳುತ್ತದೆ.

ಪಿನ್ನನ್ನು ಒದ್ದೆ ಬಟ್ಟೆಗೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ. ನಾನು ಬಟ್ಟೆಗೇ ಚುಚ್ಚಿ ಮಲಗಿದ್ದೆ, ಬೆಳಗ್ಗೆ ಬಿಳಿ ಪರದೆ ಮೇಲೆ ಸಾಲಾಗಿ ತುಕ್ಕಿನ ಚುಕ್ಕಿ.

ಫೆವಿಕಾಲ್ ಯಾಕೆ, ಅನ್ನದ ಗಂಜಿ ಸಾಲದೇ ಅಂತ ಕೇಳಬಹುದು. ಮೊದಲ ವರ್ಷ ನಾನೂ ಗಂಜಿಯನ್ನೇ ಹಾಕಿದ್ದು. ದಸರಾ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಪಕ್ಕಕ್ಕೆ ಅಂತ ರಟ್ಟಿನ ಮನೆ ಮಾಡಿದ್ದೆ. ಪರದೆ ಬಹಳ ಚೆನ್ನಾಗಿ ಬಂದಿತ್ತು. ಹಬ್ಬ ಮುಗಿದ ಮೇಲೆ ಮನೆ ಅಟ್ಟ ಸೇರಿತು. ಮುಂದಿನ ದಸರಾಕ್ಕೆ ಇಳಿಸಿ ನೋಡಿದರೆ ಜಿರಳೆಗಳು ಗಂಜಿ ತಿಂದು ಪರದೆಯನ್ನು ಜರಡಿ ಮಾಡಿಟ್ಟಿದ್ದವು.

ಸರಳಿಗೆ ಹಲ್ಲುಕಡ್ಡಿ ಸಾಕು. 2 ಮಿಲಿಮೀಟರ್ ದಪ್ಪ ಅಂದರೆ ದೊಡ್ಡ ಅಳತೆಯಲ್ಲಿ ಹೆಚ್ಚುಕಮ್ಮಿ ಒಂದಿಂಚಿನ ಪೈಪು. ಕಿಟಕಿ ಅಗಲವಾಗಿದ್ದರೆ ಉರಿದು ಮುಗಿದ ಅಗರಬತ್ತಿಯ ಕಡ್ಡಿ ಸಾಲದು, ಬಿದಿರಿನ ಕಡ್ಡಿ ಸೀಳಿಕೊಳ್ಳಿ. ತುದಿಗಳಿಗೆ ಒಂದೊಂದು ಕಾಳುಮೆಣಸು ಅಂಟಿಸಿ ಬಂಗಾರದ ಬಣ್ಣ ಬಳಿದರೆ ಯಾರೂ ಕಂಡುಹಿಡಿಯುವುದಿಲ್ಲ. ಗೋಡೆಗೆ ಸಿಕ್ಕಿಸಲು ರವಿಕೆಯ ಹುಕ್ಕಿನ ಜೊತೆ ಬರುವ ತಂತಿಯ ಕಣ್ಣು ಇದೆಯಲ್ಲ, ಅದನ್ನು ಗೋಡೆಗೆ ಹೊಲಿದು ಒಳಗೆ ಸರಳು ತೂರಿಸಿ.

ಒಂದು ಮಾತು. ಹೀಗೆ ಕೂರಿಸಿದ ಪರದೆ ನೋಡಲಿಕ್ಕೆ ಮಾತ್ರ. ಎಳೆದು ಮುಚ್ಚಲು ಆಗುವುದಿಲ್ಲ. ಮಗಳು ಸುಮ್ನೆ ಬಿಡುವವಳಲ್ಲ ಅಂದರೆ ಮಲಗುವ ಕೋಣೆಗೊಂದು ಅಂಟಿಲ್ಲದ ರೇಷ್ಮೆ ಪರದೆ ಹಾಕಿಕೊಡಿ. ಅದು ಅಷ್ಟು ನೀಟಾಗಿ ಇಳಿಯುವುದಿಲ್ಲ, ಆದರೆ ದಿನಕ್ಕೆ ಐವತ್ತು ಸಲ ಎಳೆದರೂ ತಡೆಯುತ್ತದೆ.

ಈಗಾಗಲೇ ಹೊಲಿದಿರುವುದನ್ನು ಬಿಸಾಕಬೇಡಿ. ಸೆಟೆದು ನಿಲ್ಲುವ ಬಟ್ಟೆ ನೆಲದ ಮೇಲೆ ಮಟ್ಟಸವಾಗಿ ಕೂರುತ್ತದೆ. ಹಜಾರಕ್ಕೆ ಜಮಖಾನೆ ಆಯಿತು.